ಕಡಲೆ ಹೊಲದ ನೀಲಿ ಕಸ

ಸಾಬಮ್ಮ, ಅವತ್ತು ಮ್ಯಾನೇಜರರ ಕೋಣೆಯಲ್ಲಿ ನೀವು ಆಡಿದ ಮಾತನ್ನು ನಾನು ಅವರಿಗೆ ಮುಟ್ಟಿಸಲಿಲ್ಲ. ಬೇರೆಯದನ್ನೇ ಹೇಳಿದೆ. ನೀವು ಮಾಡದ ತಪ್ಪನ್ನು ನೀವು ಒಪ್ಪಿಕೊಂಡಿದ್ದೀರಿ ಎಂದು ಹೇಳಿದೆ — ಆ ತಪ್ಪು ನನ್ನದಾಗಿತ್ತು. ನಿಮ್ಮ ಕೆಲಸ ಹೋದದ್ದು ಸಾಹೇಬರ ಕಲ್ಲುಮನಸ್ಸಿನಿಂದಲ್ಲ, ನನ್ನ ನಾಲಿಗೆಯಿಂದ.

ಇಷ್ಟು ಬರೆಯಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು. ಬರೆದಾದ ಮೇಲೆ ನೋಡಿದರೆ ನಾಲ್ಕೇ ಸಾಲು.

ಆಗ ನಿಮ್ಮನ್ನು 'ನೀನು' ಅನ್ನುತ್ತಿದ್ದೆ. ನೀವು ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ನೀವೇ ನನ್ನನ್ನು 'ಅಕ್ಕಾರ' ಅನ್ನುತ್ತಿದ್ದಿರಿ. ನನ್ನ ಮೈಮೇಲೆ ಬಿಳಿ ಕೋಟು ಇತ್ತು, ನಿಮ್ಮ ಕೈಯಲ್ಲಿ ಮೊರ ಇತ್ತು, ಅಷ್ಟಕ್ಕೇ ವಯಸ್ಸು ತಿರುಗುಮುರುಗಾಗಿತ್ತು. ಈಗ 'ನೀವು' ಅಂತ ಬರೆಯುತ್ತಿದ್ದೇನೆ. ತಡವಾಗಿ ಕೊಟ್ಟ ಮರ್ಯಾದೆಗೆ ಬೆಲೆ ಏನು ಅಂತ ನನಗೂ ಗೊತ್ತಿದೆ.

ಪಟಾನ್‌ಚೆರುವಿನ ಆ ಕಾರ್ಖಾನೆ ನಿಮಗೆ ನೆನಪಿದ್ದೇ ಇದೆ. ಗಿಡಮೂಲಿಕೆಗಳ ಔಷಧ ಮಾಡುತ್ತಿದ್ದರು. ನಾನು ರಾಯಚೂರಿನಿಂದ ಬಂದವಳು, ಸಸ್ಯಶಾಸ್ತ್ರದ ಎಂ.ಎಸ್ಸಿ., ಲ್ಯಾಬಿನಲ್ಲಿ ಕೆಲಸ. ಒಣಗಿದ ಗಿಡಗಳು ಚೀಲಗಳಲ್ಲಿ ಬರುತ್ತಿದ್ದವು. ನೀವು ಹತ್ತು ಜನ ಹೆಂಗಸರು ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹಾಸಿ ಅವನ್ನು ಸುರಿದುಕೊಂಡು ಹಸನು ಮಾಡುತ್ತಿದ್ದಿರಿ — ಕಲ್ಲು, ಮಣ್ಣು, ಕೂದಲು, ಹುಲ್ಲು, ಎಲ್ಲವನ್ನೂ ಆರಿಸಿ. ನಾನು ಪ್ರತಿ ಸರಕಿನಿಂದ ಒಂದು ಹಿಡಿ ತೆಗೆದು, ಬಂದಿರುವುದು ಹೇಳಿದ ಗಿಡವೇ ಹೌದೋ ಅಲ್ಲವೋ ನೋಡಿ ಸಹಿ ಹಾಕಬೇಕು. ನನ್ನ ಸಹಿ ಬಿದ್ದರೆ ಗಿಡ ಕಡಾಯಿಗೆ. ಅಷ್ಟು ದೊಡ್ಡ ಸಹಿ ಅದು, ಇಪ್ಪತ್ನಾಲ್ಕು ವರ್ಷದವಳ ಕೈಯಲ್ಲಿ.

ಆದರೆ ನನ್ನ ಮನಸ್ಸು ಆ ಕೆಲಸದಲ್ಲಿ ಇರಲಿಲ್ಲ. ಹೈದರಾಬಾದಿನಲ್ಲಿ ಆಗ ಗೋಡೆ ಕಂಡಲ್ಲೆಲ್ಲ ಕಂಪ್ಯೂಟರ್ ಕ್ಲಾಸಿನ ಚೀಟಿ. ಹಿಮಾಯತ್‌ನಗರದ ನಮ್ಮ ಹಾಸ್ಟೆಲಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ಸಂಸ್ಕೃತ ಓದಿದವಳು, ಏನೂ ಓದದವಳು — ಎಲ್ಲರೂ ಜಾವಾ ಕಲಿಯುತ್ತಿದ್ದರು. ಊಟದ ಮೇಜಿನ ಮೇಲೆ ಅದೇ ಮಾತು: ಯಾರಿಗೆ ಆಫರ್ ಬಂತು, ಯಾರಿಗೆ ವೀಸಾ ಬಂತು. ನಾನು ಎಲೆ, ಬೇರು ಅಂತ ಬಾಯಿ ತೆಗೆದರೆ 'ಅಯ್ಯೋ ಪಾಪ' ಅನ್ನುವ ಹಾಗೆ ನೋಡುತ್ತಿದ್ದರು. ಹೀಗಾಗಿ ನಾನೂ ಅಮೀರ್‌ಪೇಟೆಯ ಒಂದು ಕ್ಲಾಸಿಗೆ ಸೇರಿದೆ. ವಾರಕ್ಕೆ ಮೂರು ದಿನ, ಸಂಜೆ ಆರಕ್ಕೆ. ಪಟಾನ್‌ಚೆರುವಿನಲ್ಲಿ ನಾಲ್ಕೂವರೆಯ ಬಸ್ಸು ಸಿಗದಿದ್ದರೆ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಬೇಕು.

ದಿನವಿಡೀ ನಾನು ತೆಲುಗು, ಹಿಂದಿ, ಇಂಗ್ಲಿಷ್ ಆಡುತ್ತಿದ್ದೆ. ಕನ್ನಡ ಸಿಗುತ್ತಿದ್ದದ್ದು ಮಧ್ಯಾಹ್ನ ಅರ್ಧ ಗಂಟೆ, ನಿಮ್ಮ ಹತ್ತಿರ. ನೀವು ಶಹಾಪುರದ ಕಡೆಯಿಂದ ಬಂದು ಆಗ ಮೂರು ತಿಂಗಳಾಗಿರಬೇಕು. ಹಿಂದಿಯಲ್ಲಿ 'ಹಾಂ', 'ನೈ', 'ಪಾನಿ' ಬಿಟ್ಟರೆ ನಿಮಗೆ ಏನೂ ಬರುತ್ತಿರಲಿಲ್ಲ. ಶೆಡ್ಡಿನ ಉಳಿದ ಹೆಂಗಸರೆಲ್ಲ ತೆಲುಗಿನವರು. ನೀವು ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚುತ್ತಿದ್ದಿರಿ. ನಾನು ಹಾಸ್ಟೆಲಿನ ತಣ್ಣನೆ ಅನ್ನದ ಡಬ್ಬಿ ಮುಚ್ಚಿಟ್ಟು ನಿಮ್ಮ ರೊಟ್ಟಿಗೆ ಕೈ ಹಾಕುತ್ತಿದ್ದೆ. "ಅಕ್ಕಾರ, ನಿಮ್ ಅನ್ನ ನಾಯಿಗೆ ಹಾಕಿದ್ರ ನಾಯಿ ನನ್ ಮ್ಯಾಲ ಸಿಟ್ ಮಾಡ್ತೈತಿ" ಅಂದಿದ್ದಿರಿ ಒಮ್ಮೆ. ನಾನು ಆ ಊರಿಗೆ ಬಂದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಪುಂಡಿಪಲ್ಯ ಇದ್ದ ದಿನ ಎರಡು ರೊಟ್ಟಿ ಹೆಚ್ಚು ತರುತ್ತಿದ್ದಿರಿ, ಕೇಳದೆಯೇ.

ಇಂಥವರಿಗೆ ನಾನು — ಇರಲಿ. ಮೊದಲು ಗಿಡದ ಮಾತು.

ಅವತ್ತು ಬಂದದ್ದು ವಿಷ್ಣುಕ್ರಾಂತಿ. ನೆನಪಿನ ಶಕ್ತಿಗೆಂದು ಅದರ ಸಿರಪ್ ಮಾಡುತ್ತಿದ್ದರು. ಪರೀಕ್ಷೆಯ ಹುಡುಗರು, ಅವರ ತಾಯಂದಿರು, ಕಂಪ್ಯೂಟರ್ ಕಲಿಯುವವರು, ಎಲ್ಲರಿಗೂ ಆಗ ನೆನಪಿನ ಶಕ್ತಿ ಬೇಕಾಗಿತ್ತು. ಚಿಕ್ಕ ನೀಲಿ ಹೂವಿನ, ನೆಲಕ್ಕೆ ಹರಡುವ ಗಿಡ ಅದು. ಆ ಸರಕಿನಲ್ಲಿ ಅದರ ಜೊತೆ ಇನ್ನೊಂದು ನೀಲಿ ಹೂವಿನ, ನೆಲಕ್ಕೆ ಹರಡುವ ಗಿಡ ಸೇರಿಕೊಂಡಿತ್ತು. ಎಲ್ಲಿಯೋ ಹೊಲದಲ್ಲಿ ಕಿತ್ತವರು ನೀಲಿ ಕಂಡದ್ದನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದ್ದರು. ಒಣಗಿದ ಮೇಲೆ ಹೂವಿನ ಬಣ್ಣವೂ ಹೋಗಿ ಎರಡೂ ಕಂದು ಕಸ. ಲ್ಯಾಬಿನವರಿಗೇ ಮೋಸವಾಗುವಂಥದ್ದು. ನಿಮಗೆ ಆಗಲಿಲ್ಲ.

ಮಧ್ಯಾಹ್ನ ಮೂರೂವರೆಗೆ ನೀವು ಸೆರಗಿನಲ್ಲಿ ಒಂದು ಬೊಗಸೆ ಗಿಡ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಿರಿ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬರಲೋ ಬೇಡವೋ ಅಂತ ನಿಂತಿರಿ.

"ಅಕ್ಕಾರ, ಇದು ಅದರಾಗಿಂದಲ್ರಿ. ಬ್ಯಾರೆ ಐತಿ. ನಮ್ಮ ಕಡ್ಲಿ ಹೊಲದಾಗ ಬೆಳಿತೈತಿ, ನೀಲಿ ಕಸ. ಬೆಳಿಗ್ಗಿ ಬಿಸಲಾಗ ಹೂ ತೆರಿತೈತಿ, ಮ್ವಾಡ ಕವದ್ರ ಮುಚಗೋತೈತಿ. ದನಾ ಮುಟ್ಟಂಗಿಲ್ರಿ ಇದನ್ನ. ನಮ್ಮ ಅತ್ತಿ ಎಮ್ಮಿ ಮೂಗಿನಾಗ ಜಿಗಳಿ ಹೊಕ್ಕಾಗ ಇದರ ರಸಾ ಬಿಟ್ಟಿದ್ಳು, ಜಿಗಳಿ ತಾನ ಬಿತ್ತು. ಹಳ್ಳದಾಗ ಇದನ್ನ ಜಜ್ಜಿ ಹಾಕಿದ್ರ ಮೀನ ಸತ್ತು ತೇಲತಾವ. ಇದನ್ನ ಮಂದಿ ಕುಡದ್ರ ಹೆಂಗ್ರೀ?"

ನೀವು ಮೇಜಿನ ಮೇಲೆ ಸುರಿದ ಗಿಡವನ್ನು ನಾನು ಲೆನ್ಸಿನ ಕೆಳಗೆ ಇಟ್ಟೆ. ಇದನ್ನು ಇವತ್ತು ಪೂರ್ತಿ ಹೇಳಿಬಿಡಬೇಕು — ನನಗೆ ಗೊತ್ತಾಯಿತು, ಸಾಬಮ್ಮ. 'ಕಣ್ತಪ್ಪಿತು' ಅಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಕಣ್ಣು ತಪ್ಪಲಿಲ್ಲ. ವಿಷ್ಣುಕ್ರಾಂತಿಯ ದಂಟು ದುಂಡಗೆ, ಎಲೆಗೆ ರೇಷ್ಮೆಯಂಥ ಕೂದಲು, ಎಲೆಗಳು ಒಂದು ಈ ಕಡೆ, ಒಂದು ಆ ಕಡೆ. ಇದರ ದಂಟಿಗೆ ನಾಲ್ಕು ಮೂಲೆ. ಎಲೆಗೆ ಕೂದಲೇ ಇಲ್ಲ, ಎದುರುಬದುರು ಜೋಡಿ ಎಲೆ, ತೊಟ್ಟಿಲ್ಲದೆ ದಂಟಿಗೆ ಅಂಟಿಕೊಂಡದ್ದು. ಎಲೆಯ ಬೆನ್ನು ತಿರುಗಿಸಿದೆ: ಕರೀ ಚುಕ್ಕೆಗಳು, ಸೂಜಿಯಿಂದ ಚುಚ್ಚಿದ ಹಾಗೆ. ಕಾಯಿ ಮೆಣಸಿನಕಾಳಿಗಿಂತ ಚಿಕ್ಕದು, ಕೆಳಗೆ ಬಾಗಿದ ತೊಟ್ಟಿನ ತುದಿಯಲ್ಲಿ. ಉಗುರು ತಾಗಿಸಿದೆ, ನಡುವಿಗೆ ಸರಿಯಾಗಿ ಸೀಳಿ, ಮೇಲಿನ ಅರ್ಧ ಕುಂಕುಮದ ಭರಣಿಯ ಮುಚ್ಚಳದ ಹಾಗೆ ಕಳಚಿ ಬಿತ್ತು. ಒಳಗಿಂದ ಸಣ್ಣ ಬೀಜಗಳು ಉದುರಿದವು.

ಅನಗ್ಯಾಲಿಸ್ ಆರ್ವೆನ್ಸಿಸ್. ಇಂಗ್ಲಿಷಿನಲ್ಲಿ ಪಿಂಪರ್ನೆಲ್ ಅನ್ನುತ್ತಾರೆ. ಮಳೆ ಮುಗಿದು ಹಿಂಗಾರಿನ ಬಿತ್ತನೆಯ ಜೊತೆಗೇ ಮೊಳೆತು, ಚಳಿಗಾಲವೆಲ್ಲ ಹೂಬಿಟ್ಟು, ಬಿಸಿಲು ಏರುವ ಹೊತ್ತಿಗೆ ಬೀಜ ಚೆಲ್ಲಿ ಸಾಯುವ ಗಿಡ. ಪರದೇಶದ ಪುಸ್ತಕಗಳಲ್ಲಿ ಅದರ ಹೂ ಕೆಂಪು, ನಮ್ಮಲ್ಲಿ ಹೆಚ್ಚಾಗಿ ನೀಲಿ, ನಡುವೆ ಒಂದು ಕೆಂಪು ಕಣ್ಣು. ಉತ್ತರದ ಕಡೆ ಅದಕ್ಕೆ ಜೋಂಕ್‌ಮಾರಿ ಅಂತಲೇ ಹೆಸರು — ಜಿಗಣೆ ಕೊಲ್ಲುವಂಥದ್ದು ಅಂತ. ಹಿಂದಿನವರು ಮೂರ್ಛೆರೋಗಕ್ಕೆ, ಬುದ್ಧಿಭ್ರಮಣೆಗೆ, ಹಾವು ಕಚ್ಚಿದ್ದಕ್ಕೆ, ಕೀಲುನೋವಿಗೆ ಕೊಡುತ್ತಿದ್ದರಂತೆ. ಆದರೆ ಅದರಲ್ಲಿ ನೊರೆ ಬರಿಸುವ ಒಂದು ವಿಷ ಇದೆ. ಮೀನು ಸಾಯುವುದು ಅದರಿಂದಲೇ. ಮನುಷ್ಯರಿಗೆ ಹೊಟ್ಟೆ ಕೆಡುತ್ತದೆ, ವಾಂತಿ, ಹೆಚ್ಚಾದರೆ ಅದಕ್ಕಿಂತ ಕೆಟ್ಟದ್ದೂ. ಎರಡು ವರ್ಷ ಪುಸ್ತಕ ಓದಿ ನಾನು ಕಲಿತದ್ದನ್ನು ನೀವು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದಿರಿ. ನೀವು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಗಡಿಯಾರ ನೋಡಿದೆ. ಮೂರು ಮುಕ್ಕಾಲು. ಅವತ್ತು ಕ್ಲಾಸಿನಲ್ಲಿ ಪರೀಕ್ಷೆ. ಸರಕನ್ನು ತಿರಸ್ಕರಿಸಬೇಕಾದರೆ ಅಷ್ಟೂ ಚೀಲ ಬಿಚ್ಚಿಸಿ, ಒಂದೊಂದರಿಂದ ಮತ್ತೆ ಮಾದರಿ ತೆಗೆದು, ನೋಡಿ, ವರದಿ ಬರೆಯಬೇಕು — ಏಳು ಗಂಟೆಯಾದರೂ ಮುಗಿಯದು. ಬೆಳಿಗ್ಗೆಯೇ ನಾನು ಒಂದು ಚೀಲದ ಬಾಯಿಂದ ಹಿಡಿ ತೆಗೆದು, ನೋಡಿದ ಶಾಸ್ತ್ರ ಮಾಡಿ, 'ಶುದ್ಧ' ಅಂತ ಸಹಿ ಹಾಕಿಯಾಗಿತ್ತು. ಆ ಸಹಿಯನ್ನು ನಾನೇ ಹೊಡೆದು ಹಾಕಬೇಕಿತ್ತು.

"ಇರಲಿ ಬಿಡು ಸಾಬಮ್ಮ. ಕುದಿಸಿದ ಮೇಲೆ ಎಲ್ಲಾ ಒಂದೇ. ತೂಕ ಬರೆದಾಗಿದೆ, ಇದನ್ನೂ ಅದರಲ್ಲೇ ಹಾಕು."

ನೀವು ನನ್ನ ಮುಖ ನೋಡಿದಿರಿ. ಓದಿದವಳು, ಏನೋ ಗೊತ್ತಿದ್ದೇ ಹೇಳುತ್ತಿರಬೇಕು ಅಂತ ಅಂದುಕೊಂಡಿರಿ. "ಹಂಗಾರ ಛಲೋರಿ" ಅಂದು, ಮೇಜಿನ ಮೇಲೆ ಬಿದ್ದಿದ್ದ ಬೀಜಗಳನ್ನೂ ಸೆರಗಿನ ತುದಿಯಿಂದ ಒರೆಸಿಕೊಂಡು ಹೋದಿರಿ. ನಾನು ನಾಲ್ಕೂವರೆಯ ಬಸ್ಸು ಹಿಡಿದೆ. ಪರೀಕ್ಷೆ ಚೆನ್ನಾಗಿಯೇ ಆಯಿತು.

ಒಂದೂವರೆ ತಿಂಗಳ ಮೇಲೆ ದೂರುಗಳು ಬಂದವು. ಸಿರಪ್ ಕುಡಿದವರಿಗೆ ವಾಂತಿ, ಹೊಟ್ಟೆಯಲ್ಲಿ ಉರಿ. ಕೆಲವರು ಮಕ್ಕಳು, ಇಬ್ಬರು ಆಸ್ಪತ್ರೆಯಲ್ಲಿ. ಯಾರೂ ಸಾಯಲಿಲ್ಲ. 'ಯಾರೂ ಸಾಯಲಿಲ್ಲ' ಅನ್ನುವ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆ — ಅದೇನು ನನ್ನ ಪುಣ್ಯವೇ? ಕಡಾಯಿಗೆ ಹೋಗದೆ ಉಳಿದಿದ್ದ ಸರಕನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ಅವರು ಗಿಡದ ಹೆಸರು ಬರೆದೇ ಕಳಿಸಿದರು. ಮ್ಯಾನೇಜರ್ ಆ ಹೆಸರನ್ನು ತಪ್ಪು ತಪ್ಪಾಗಿ ಓದುವಾಗ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ನನ್ನ ಕೋಟಿನ ಗುಂಡಿ ಮುಟ್ಟಿಕೊಳ್ಳುತ್ತಿದ್ದೆ.

ಅವರು ನೇರವಾಗಿ ನನ್ನನ್ನೇ ಕೇಳಿದರು: ಇದು ಹೇಗೆ ದಾಟಿತು? ನಾನು ನೋಡಿದ ಮಾದರಿ ಶುದ್ಧವಾಗಿತ್ತು ಅಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಹಾಗಾದರೆ ಹಸನು ಮಾಡುವವರು ಏನು ಮಾಡುತ್ತಿದ್ದರು, ಆ ಚೀಲಗಳು ಯಾರ ಪಾಲಿನವು ಎಂದರು. ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ಕರೆಸಿದರು.

ನೀವು ಮೊರವನ್ನೂ ಹಿಡಿದುಕೊಂಡೇ ಬಂದಿರಿ. ಮ್ಯಾನೇಜರ್ ಹಿಂದಿಯಲ್ಲಿ ಏನೋ ಕೇಳಿದರು, ನಿಮಗೆ ತಿಳಿಯಲಿಲ್ಲ. ಆಗ ಅವರು ನನ್ನ ಕಡೆ ತಿರುಗಿ, ನೀನು ಅವಳ ಭಾಷೆಯವಳಲ್ಲವೇ, ಕೇಳಿ ಹೇಳು ಅಂದರು. ಆ ಕಾರ್ಖಾನೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನಾನು ಕೇಳಿದೆ: "ಸಾಬಮ್ಮ, ಆ ವಿಷ್ಣುಕ್ರಾಂತಿಯಲ್ಲಿ ಬೇರೆ ಗಿಡ ಇದ್ದದ್ದು ನೋಡಿದ್ದೆಯಾ ಅಂತ ಕೇಳುತ್ತಿದ್ದಾರೆ." ನನ್ನ ದನಿ ಸಣ್ಣಗಾಗಿತ್ತು.

ನೀವು ಹೆದರಿರಲಿಲ್ಲ. ನಾನಿದ್ದೆನಲ್ಲ, ಅದಕ್ಕೆ.

"ಹೇಳ್ರಿ ಅಕ್ಕಾರ ಸಾಹೇಬ್ರಿಗೆ. ನಾ ಆರಿಸಿ ತಂದು ನಿಮಗ ತೋರಿಸಿದ್ದೆ. ನೀವು ಭೂತಗನ್ನಡಿ ಹಚ್ಚಿ ನೋಡಿದ್ರಿ. ಇರಲಿ, ಅದರಾಗ ಹಾಕು ಅಂದ್ರಿ, ನಾ ಹಾಕಿದೆ. ಅದಕ್ಕೊಂದು ಕಾರಣ ಇರಬೇಕು, ಅದು ನಿಮಗ ಗೊತ್ತು. ಅದನ್ನೂ ಹೇಳಿಬಿಡ್ರಿ."

ನಿಮ್ಮ ದನಿಯಲ್ಲಿ ಆರೋಪ ಇರಲಿಲ್ಲ. ನನ್ನ ಮೇಲೆ ತಪ್ಪು ಹೊರಿಸುತ್ತಿದ್ದೀರಿ ಎಂಬ ಯೋಚನೆಯೇ ನಿಮಗೆ ಬಂದಿರಲಿಲ್ಲ. ಅಕ್ಕಾರಿಗೆ ಕಾರಣ ಗೊತ್ತಿದೆ, ಹೇಳುತ್ತಾರೆ, ಮುಗಿಯುತ್ತದೆ — ಅಷ್ಟೇ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯಾಕೆ ಇಂಗ್ಲಿಷ್ ಅಂತ ಕೇಳಿ, ಸಾಬಮ್ಮ. ಹಿಂದಿಯಲ್ಲಿ ಹೇಳಿದರೆ ಒಂದೆರಡು ಮಾತಾದರೂ ನಿಮಗೆ ಹೊಳೆದೀತು ಎಂಬ ಎಚ್ಚರ ನನಗೆ ಆ ಗಳಿಗೆಯಲ್ಲೂ ಇತ್ತು. ಗಾಬರಿಯಲ್ಲಿ ಬಾಯಿ ತಪ್ಪಿತು ಅನ್ನುವಂತಿಲ್ಲ. ಗಾಬರಿಯಾದವಳು ಭಾಷೆ ಆರಿಸುವುದಿಲ್ಲ. ನಾನು ಹೇಳಿದ್ದು ಇದು: "ಬೇರೆ ಗಿಡ ಕಣ್ಣಿಗೆ ಬಿದ್ದಿತ್ತಂತೆ, ಕಸ ಎಂದು ತಿಳಿಯದೆ ಒಳಗೇ ಬಿಟ್ಟಳಂತೆ. ಯಾರಿಗೂ ಹೇಳಲಿಲ್ಲವಂತೆ. ತಪ್ಪಾಯಿತು ಅನ್ನುತ್ತಾಳೆ."

ಮ್ಯಾನೇಜರ್ ನಿಮ್ಮನ್ನು ನೋಡಿ, "ಸಚ್ ಹೈ?" ಅಂದರು. ನಿಜವೇ ಅಂತ. ನೀವು ನನ್ನನ್ನೊಮ್ಮೆ ನೋಡಿ, ಅವರ ದನಿಯಿಂದಲೇ ಪ್ರಶ್ನೆ ಊಹಿಸಿ, ಧೈರ್ಯವಾಗಿ ತಲೆಯಾಡಿಸಿದಿರಿ. "ಹಾಂ ಸಾಬ್. ಅಕ್ಕಾರ ಹೇಳಿದ್ದು ಖರೆ ಐತ್ರಿ."

ಕಾಗದ ಬರೆಸಿದರು. ಹೆಬ್ಬೆಟ್ಟಿಗೆ ಶಾಯಿ ಹಚ್ಚುವಾಗ "ಏನ್ ಬರದಾರ್ರಿ?" ಅಂತ ಕೇಳಿದಿರಿ. "ನಡೆದದ್ದು ಬರೆದಿದ್ದಾರೆ" ಅಂದೆ. ನೀವು ಒತ್ತಿದಿರಿ.

ಸಂಜೆಯೊಳಗೆ, ನಿಮ್ಮನ್ನು ಅಲ್ಲಿಗೆ ತಂದಿದ್ದ ಗುತ್ತಿಗೆದಾರನೇ ನಿಮ್ಮನ್ನು ಕೆಲಸದಿಂದ ಬಿಡಿಸಿದ. ಗೇಟಿನ ಹತ್ತಿರ ನೀವು ನನಗಾಗಿ ಕಾದು ನಿಂತಿದ್ದಿರಿ. ಓಡಿ ಬೇರೆ ಬಾಗಿಲಿಂದ ಹೋಗೋಣ ಅನ್ನಿಸಿತು, ಬೇರೆ ಬಾಗಿಲು ಇರಲಿಲ್ಲ. ನಿಮ್ಮ ಕಣ್ಣುಗಳು ಕೆಂಪಾಗಿದ್ದವು, ಆದರೂ ನೀವು ಹೇಳಿದ್ದು — "ಎತ್ತಿಗೆ ಜರಾ ಬಂದ್ರ ಎಮ್ಮಿಗೆ ಬರಿ ಹಾಕಿದ್ರು ನೋಡ್ರಿ ಈ ಮಂದಿ. ನೀವು ಪಾಪ ಎಷ್ಟ್ ಹೇಳಿದ್ರಿ ನನ್ನ ಸಲುವಾಗಿ. ನೀವಿರಲಿಲ್ಲಂದ್ರ ನಾ ಅಲ್ಲಿ ಮೂಕಿ ಆಗಿ ನಿಂದರಬೇಕಾಗಿತ್ತು." ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಊರಿನಲ್ಲಿದ್ದ ಮಗನನ್ನು ಆ ಬೇಸಿಗೆಯಲ್ಲಿ ಕರೆಸಿಕೊಂಡು ಪಟಾನ್‌ಚೆರುವಿನಲ್ಲಿ ಶಾಲೆಗೆ ಹಾಕಬೇಕು ಅಂತ ಹೇಳುತ್ತಿದ್ದಿರಿ. ಅದು ನನಗೆ ಗೊತ್ತಿತ್ತು. ವಿಷದ ಗಿಡ ಬಿಟ್ಟವಳು ಎಂಬ ಮಾತು ಸುತ್ತಲಿನ ಕಾರ್ಖಾನೆಗಳಿಗೆಲ್ಲ ಹಬ್ಬಿ, ಎಲ್ಲಿಯೂ ನಿಮ್ಮನ್ನು ಒಳಗೆ ಬಿಡಲಿಲ್ಲ ಎಂದು ಶೆಡ್ಡಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ಅದೂ ನನಗೆ ಗೊತ್ತಾಯಿತು.

ಆರು ತಿಂಗಳಲ್ಲಿ ನನಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಟೆಸ್ಟಿಂಗ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ನನ್ನ ಕೈಗೆ ಬಂದ ತಪ್ಪು ದಾಟುವುದಿಲ್ಲ ಅಂತ ಆಫೀಸಿನಲ್ಲಿ ಹೆಸರಿದೆ. ನಗಬೇಕಾದವರು ನಗಬಹುದು. ಮಣಿಕೊಂಡದಲ್ಲಿ ಒಂಬತ್ತನೆಯ ಅಂತಸ್ತಿನ ಮನೆ. ಒಬ್ಬಳೇ. ಮದುವೆಯ ಮಾತು ಒಂದೆರಡು ಬಂದು ಹೋದವು, ಆ ಕತೆ ಇಲ್ಲಿ ಬೇಡ. ಆದರೆ ಒಂಟಿತನ ಶುರುವಾದದ್ದು ಈ ಮನೆಯಲ್ಲಲ್ಲ. ನೀವು ಹೋದ ಮರುದಿನ ಮಧ್ಯಾಹ್ನ ನಾನು ಡಬ್ಬಿ ತೆಗೆದುಕೊಂಡು ಶೆಡ್ಡಿನ ಹಿಂದೆ ಹೋಗಿ ಕೂತೆನಲ್ಲ, ಅಲ್ಲಿಂದ. ನನ್ನ ಜೊತೆ ನನ್ನ ಮಾತು ಆಡುತ್ತಿದ್ದವರು ಒಬ್ಬರೇ ಇದ್ದರು. ಆ ಮಾತಿನಿಂದಲೇ ಅವರನ್ನು ಕಳಿಸಿಬಿಟ್ಟಿದ್ದೆ. ಆಮೇಲೆ ಯಾರ ಹತ್ತಿರ ಕನ್ನಡ ಆಡಿದರೂ ಒಳಗೊಂದು ಹಿಂಜರಿಕೆ. ಫೋನಿನಲ್ಲಿ ನನ್ನ ಅವ್ವನ ಹತ್ತಿರವೂ.

ಹೋದ ಪುಷ್ಯಮಾಸದಲ್ಲಿ ನಿಮ್ಮ ಊರಿಗೆ ಬಂದದ್ದು ಇದನ್ನೆಲ್ಲ ಹೇಳಬೇಕು ಅಂತಲೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಹೆಂಗಸು ನಿಮ್ಮ ಸೀಮೆಯವಳು. ಅವಳಿಂದ ನಿಮ್ಮ ಗುರುತು ಸಿಕ್ಕಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಮೊದಲ ಸಾಲು ಇದು, ಎರಡನೆಯದು ಇದು —

ನೀವು ಬಾಗಿಲಲ್ಲೇ ಗುರುತು ಹಿಡಿದಿರಿ. ಕೂದಲು ಬೆಳ್ಳಗಾಗಿದೆ, ಸೊಂಟ ಬಾಗಿದೆ. "ಮಣಿಕೊಂಡದಾಗ ಆರು ವರ್ಷ ಗಾರಿ ಹೊತ್ನೆಲ್ರೀ, ಆಗ ಹೋಗಿದ್ದು ಈ ನಡಾ" ಅಂದಿರಿ, ಯಾರದೋ ಸುದ್ದಿ ಹೇಳಿದ ಹಾಗೆ. ಯಾವ ಕಟ್ಟಡ ಅಂತ ನಾನು ಕೇಳಲಿಲ್ಲ. ಮಗನೂ ಶಾಲೆ ಬಿಟ್ಟು ಗಾರೆ ಕೆಲಸಕ್ಕೇ ಹೋದನಂತೆ. ಅಕ್ಕಪಕ್ಕದವರು ಬಂದು ನಿಂತಾಗ ನೀವು ಅವರಿಗೆ ನನ್ನನ್ನು ತೋರಿಸಿ ಹೇಳಿದಿರಿ: "ನಾ ಹೇಳತಿದ್ದೆನಲ್ಲ, ಇವರ ನೋಡ್ರಿ. ಹೈದರಾಬಾದದಾಗ ದೊಡ್ಡ ಸಾಹೇಬನ ಮುಂದ ನನ್ನ ಸಲುವಾಗಿ ಬಾಯಿ ಒಣಗೂ ಮಟ ಇಂಗ್ಲಿಷಿನ್ಯಾಗ ಮಾತಾಡಿದವ್ರು."

ಎಲ್ಲರೂ ನನ್ನನ್ನು ಪ್ರೀತಿಯಿಂದ ನೋಡಿದರು. ಒಬ್ಬ ಅಜ್ಜಿ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಜೋಡಿಸಿ ತಂದಿದ್ದ ಮೊದಲ ಸಾಲು ಗಂಟಲಿಗೆ ಬಂತು. ಇಪ್ಪತ್ತು ವರ್ಷ ನೀವು ಊರಿಗೆಲ್ಲ ಹೇಳಿಕೊಂಡು ಬಂದ ಒಳ್ಳೆಯವಳು ನಾನಾಗಿಯೇ ಉಳಿಯುವುದು ಎಷ್ಟು ಹಿತವಾಗಿತ್ತು ಅಂದರೆ — ನಾಚಿಕೆಯಾಗುತ್ತದೆ ಬರೆಯಲು. ನಿಮ್ಮ ಸೊಸೆ ಕವಿತಾ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಕಡಲೆಪಲ್ಯ. ನಾನು ಮೂರು ರೊಟ್ಟಿ ತಿಂದು, ಕೈತೊಳೆದು, ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ಮೊದಲ ಸುಳ್ಳಿಗೆ ಇಪ್ಪತ್ನಾಲ್ಕರ ವಯಸ್ಸಿನ ನೆಪವಾದರೂ ಇತ್ತು. ಈ ಎರಡನೆಯದಕ್ಕೆ ಅದೂ ಇಲ್ಲ.

ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಿಮ್ಮೆದುರು ಬಂದರೆ ಮತ್ತೆ ಉಂಡು ಎದ್ದು ಬಂದೇನು. ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು. ನಾನು ಯಾರು ಅಂತ ನಿಮಗೆ ಗೊತ್ತಿರಬೇಕು, ಅಷ್ಟು ಸಾಕು. ಕಾರ್ಖಾನೆಯ ಆ ಮ್ಯಾನೇಜರರಿಗೂ ಇದನ್ನೇ ಇಂಗ್ಲಿಷಿನಲ್ಲಿ ಬರೆದು, ಹಳೆಯ ವಿಳಾಸಕ್ಕೆ ಹಾಕಿದ್ದೇನೆ. ಮುಟ್ಟುತ್ತದೋ ಇಲ್ಲವೋ.

ಕವಿತಾ, ಇದನ್ನು ಅತ್ತೆಗೆ ಓದಿ ಹೇಳುವವಳು ನೀನೇ. ಇಲ್ಲಿಗೆ ಬರುವ ಹೊತ್ತಿಗೆ ನಿನಗೇ ಸಂಕಟವಾಗಿರಬಹುದು. ಮುದುಕಿಯ ಮನಸ್ಸು ನೋಯಿಸುವುದೇಕೆ ಅಂತ ಒಂದೆರಡು ಸಾಲು ಹಾರಿಸಿರಲೂಬಹುದು. ಹಾರಿಸಿದ್ದರೆ ಹಿಂದೆ ಹೋಗಿ ಓದು. ಮೆತ್ತಗೆ ಮಾಡಬೇಡ. ಕೇಳಿದ ಮೇಲೆ ಅತ್ತೆ ಏನಾದರೂ ಅನ್ನುತ್ತಾರೆ. ಬೈದರೂ ಸರಿ, ಶಾಪ ಹಾಕಿದರೂ ಸರಿ, ಏನೂ ಅನ್ನದೆ ಎದ್ದು ಹೋದರೂ ಸರಿ. ಅವರು ಅಂದದ್ದನ್ನೇ, ಅಂದ ಹಾಗೇ, ಒಂದು ಮಾತೂ ಬದಲಿಸದೆ ನನಗೆ ಬರೆದು ಕಳಿಸು.